ಇಳಿತದ ಪಟ್ಟಿ

ಪಾದ್ರಿ ಹೇಳಿದರು: ಎರ್ಮಿಂದಾ ಮಿತಭಾಷಿ,
ತಾಳ್ಮೆಯ ಗಣಿ, ಜಗಳವೆಂದರೆ ದೂರ.
ಹಿಂದಿನ ಬೆಂಚಿನಿಂದ ಸಬೇಲಾ ಕೆಮ್ಮಿದಳು.
ಸಾಲುಸಾಲು ಹೆಂಗಸರು, ಉಗುರಲ್ಲಿನ್ನೂ ಕೆಸರು,
ನಗು ನುಂಗಲಾರದೆ ತಲೆ ತಗ್ಗಿಸಿದರು.
ನಾನು ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದೆ,
ಎದ್ದು ಬೈಯುತ್ತೀಯೇನೋ ಎಂದು.

ಮಿತಭಾಷಿಯಂತೆ!
ಬೆಳಗಿನ ಐದರ ಬಸ್ಸು. ನಾನೇ ಡ್ರೈವರು, ನಾನೇ ಕಂಡಕ್ಟರು.
ಎರಡು ಬಕೆಟ್ಟು, ಒಂದು ಹಲುಬೆ, ಸೊಂಟದವರೆಗಿನ ಬೂಟು,
ಮೆಟ್ಟಿಲ ಮೇಲೆ ನಿಂತು ಕೇಳಿದೆ ನೀನು:
"ಬಕೆಟ್ಟಿಗೂ ಟಿಕೆಟ್ಟೇ? ಹಾಗಾದರೆ ಅದಕ್ಕೂ ಸೀಟು ಕೊಡು."
ಕೊಟ್ಟೆ. ನನ್ನ ಬೆನ್ನ ಹಿಂದೆಯೇ ಕೂತ ಆ ಬಕೆಟ್ಟು
ಅರೋಸಾ ದಡದ ತಿರುವುಗಳಲ್ಲೆಲ್ಲ ಉರುಳಿ
ಡಣಡಣ ನಿನ್ನ ಪರ ವಾದಿಸಿತು.

ಏಳು ವರ್ಷ ಬರೀ ಸ್ನೇಹ, ಅಂದರೆ ಬರೀ ಜಗಳ.
ಎಂಟನೆಯ ವರ್ಷ ನಿಮ್ಮಮ್ಮ ಬೇಸತ್ತು
"ಒಂದೇ ಮನೆಯೊಳಗೆ ಕಿತ್ತಾಡಿ, ಬೀದಿಯವರು ಮಲಗಲಿ" ಎಂದಳು.
ಅದೇ ನಮ್ಮ ನಿಶ್ಚಿತಾರ್ಥ.

ರಾತ್ರಿ ಊಟ ಮುಗಿದರೆ ಇಸ್ಪೀಟು, ಬ್ರಿಸ್ಕಾ ಆಟ.
ಗೆದ್ದವರ ಡಬ್ಬಿಗೆ ಒಂದು ಕಡಲೆಕಾಳು.
ನೀನು ಕಳ್ಳಿ. ನಾಣ್ಯದ ಎಕ್ಕ ನಿನ್ನ ಏಪ್ರನ್ನಿನೊಳಗೆ
ಬೆಚ್ಚಗೆ ಸಂಸಾರ ಹೂಡಿತ್ತು. ನನಗೆ ಗೊತ್ತಿತ್ತು,
ಗೊತ್ತಿದೆಯೆಂದು ನಿನಗೂ ಗೊತ್ತಿತ್ತು.
ಮಗು ನಿಲ್ಲದೆ ಹೋದ ಆ ಫೆಬ್ರವರಿಯಲ್ಲೂ ಆಡಿದೆವು,
ಒಂದು ಮಾತಿಲ್ಲದೆ, ಹನ್ನೊಂದು ರಾತ್ರಿ.
ಆ ಹನ್ನೊಂದು ರಾತ್ರಿ ಮಾತ್ರ
ನೀನು ಮೋಸ ಮಾಡಲಿಲ್ಲ.
ಪಾದ್ರಿಗೆ ಇದೆಲ್ಲಿ ತಿಳಿಯಬೇಕು.

ಅಡುಗೆಮನೆಯ ಮೊಳೆಗೆ ಈಗಲೂ ಇಳಿತದ ಪಟ್ಟಿ,
ಇಡೀ ವರ್ಷಕ್ಕೆ ನೀನು ಮುಂಗಡ ಪೆನ್ಸಿಲ್ ಗೀಚಿಟ್ಟದ್ದು.
ಮಾರ್ಚಿನಲ್ಲಿ ನೀನು ಹೋದೆ; ಏಪ್ರಿಲ್ ನಿನ್ನ ಮಾತು ಕೇಳುತ್ತಲೇ ಇತ್ತು:
"ಬೂಟಿಗೆ ತೇಪೆ." "ಸಬೇಲಾಗೆ ಎರಡು ಕಿಲೋ ಬಾಕಿ."
"ಎಲಾದಿಯೊನ ಹಲ್ಲು. ಎಳೆದುಕೊಂಡಾದರೂ ಹೋಗು."
ಹಲ್ಲು ತೋರಿಸಿದೆ. ತೇಪೆ ಹಾಕಿಸಿದೆ.
ಬಾಕಿ ತೀರಿಸಿದೆ, ಅಂಗಡಿಯಿಂದ ಕೊಂಡು;
ಸಬೇಲಾ ಚಿಪ್ಪು ಮುಟ್ಟಿದೊಡನೆ ಅಂದಳು, "ಇದು ನಮ್ಮ ಕೆಸರಿನದಲ್ಲ."
ಸಮುದ್ರವೂ ಅಷ್ಟೇ, ನೀನು ಸೊನ್ನೆ ಸುತ್ತಿದ ಗಳಿಗೆಗೆ ಸರಿಯಾಗಿ
ಹಿಂದೆ ಸರಿದು ನಿಲ್ಲುತ್ತದೆ, ಹೆದರಿದ ಗಂಡನ ಹಾಗೆ.

ಹಲುಬೆ ಹಿಡಿದವಳು ನೀನು;
ಹಲುಬುವ ಕೆಲಸ ನನಗೆ ಬಿಟ್ಟೆ.

ನವೆಂಬರ್ ಎರಡು, ಸತ್ತವರ ದಿನ.
ಊರೆಲ್ಲ ಸೇವಂತಿಗೆ ಹೊತ್ತು ಗೋರಿ ತೊಳೆಯಲು ಹೊರಟಿದೆ.
ನಿನಗೆ ಸೇವಂತಿಗೆ ಆಗದು, ಒದ್ದೆ ನಾಯಿಯ ವಾಸನೆ ಅನ್ನುತ್ತಿದ್ದೆ.
ಪಟ್ಟಿಯಲ್ಲಿ ಈ ದಿನದ ಪಕ್ಕ, ಮೊನೆ ಮುರಿಯುವಷ್ಟು ಒತ್ತಿ ಬರೆದದ್ದು:
"ಈ ಸಲ ಅವನನ್ನು ಕೆಸರಿಗಿಳಿಸಬೇಕು."
ಮೂವತ್ತನಾಲ್ಕು ವರ್ಷ ಕರೆದೆ ನೀನು. ದಡದಲ್ಲೇ ಬಸ್ಸು ನಿಲ್ಲಿಸಿ
ಹಾರ್ನ್ ಹೊಡೆದೆನೇ ಹೊರತು ನಾನು ಇಳಿದವನಲ್ಲ.

ಇಂದು ಇಳಿದೆ.
ಮೊಣಕಾಲವರೆಗೆ ಹೂತೆ. ಬೆನ್ನು ಬಗ್ಗಿಸಿ ಕೆರೆದೆ.
ಇಷ್ಟು ತಣ್ಣಗಿರುತ್ತದೆಂದು ನೀನು ಒಂದು ದಿನವೂ ಹೇಳಿರಲಿಲ್ಲ.
ಇರಲಿ, ಅದೊಂದರಲ್ಲಿ ಪಾದ್ರಿ ಸರಿ,
ಅದೊಂದರಲ್ಲಿ ನೀನು ಮಿತಭಾಷಿ.
ಸಿಕ್ಕಿದ್ದು ಮೂರು ಚಿಪ್ಪು. ಅಳತೆಗೆ ಹಿಡಿದರೆ ಮೂರೂ ಎಳೆಯವು,
ಸಬೇಲಾ ವಾಪಸು ಬಿಡಿಸಿದಳು.
ಎಡಗಾಲಿನ ಬೂಟನ್ನು ಕೆಸರು ಕೊಡಲೇ ಇಲ್ಲ.
ಒಂಟಿ ಬೂಟಿನಲ್ಲಿ ಬಸ್ಸು ಹತ್ತಿದೆ. ಈಗಿನ ಡ್ರೈವರ್, ಹುಡುಗ,
ಬಕೆಟ್ಟಿಗೆ ಟಿಕೆಟ್ಟು ಕೇಳಲಿಲ್ಲ.
ಕೇಳಬೇಕಿತ್ತು ಅನ್ನಿಸಿತು.

ಮನೆಗೆ ಬಂದು, ಕೈ ಕೂಡ ತೊಳೆಯದೆ,
ನಿನ್ನ ಡಬ್ಬಿಗೆ ಒಂದು ಕಡಲೆಕಾಳು ಹಾಕಿದೆ.